ಒಂದೇ ಕುರ್ಚಿ, ಇಬ್ಬರು ಸುಧಾರಕರು: ಸ್ಕೂಲ್ ಬೋರ್ಡ್ ಸದಸ್ಯರ ಲೆಕ್ಕ ಓದುವುದು ಹೇಗೆ?

2017ರ ಮೇ 16ರಂದು ಲಾಸ್ ಏಂಜಲೀಸಿನಲ್ಲಿ ಸ್ಕೂಲ್ ಬೋರ್ಡ್ ಚುನಾವಣೆ ನಡೆಯಿತು. ನಾಲ್ಕನೇ ಕ್ಷೇತ್ರದಲ್ಲಿ ಬೋರ್ಡಿನ ಅಧ್ಯಕ್ಷರೇ ಆಗಿದ್ದ ಸ್ಟೀವ್ ಜಿಮ್ಮರ್ ಸೋತರು. ಕಾನೂನು ಓದಿಕೊಂಡಿದ್ದ ನಿಕ್ ಮೆಲ್ವೊಯಿನ್ ಎಂಬ ಯುವಕ ಸುಮಾರು ಶೇ. 57 ವೋಟು ಪಡೆದು ಗೆದ್ದರು. ಆ ವರ್ಷದ ಬೋರ್ಡ್ ಚುನಾವಣೆಗೆ ಎರಡೂ ಕಡೆಯವರು ಸುರಿದ ಹಣ ಒಟ್ಟು ಸುಮಾರು 1.5 ಕೋಟಿ ಡಾಲರ್. ಅಮೆರಿಕದಲ್ಲಿ ಅಲ್ಲಿವರೆಗೆ ಯಾವ ಸ್ಕೂಲ್ ಬೋರ್ಡ್ ಚುನಾವಣೆಗೂ ಅಷ್ಟು ಖರ್ಚಾಗಿರಲಿಲ್ಲ. ಇಷ್ಟಕ್ಕೂ ಆಗ ಆ ಹುದ್ದೆಯ ಸಂಬಳ ಎಷ್ಟು ಗೊತ್ತಾ? ವರ್ಷಕ್ಕೆ 45,637 ಡಾಲರ್. ಬೇರೆ ಕೆಲಸ ಮಾಡದ ಸದಸ್ಯರಿಗೆ ಅದು 1.25 ಲಕ್ಷ ಡಾಲರ್ ಆಗಿದ್ದು ಅದೇ ವರ್ಷದ ಜುಲೈನಲ್ಲಿ.

ಸ್ಕೂಲ್ ಬೋರ್ಡ್ ಅಂದ ಕೂಡಲೇ ಪರೀಕ್ಷೆ ನಡೆಸಿ ಮಾರ್ಕ್ಸ್ ಕಾರ್ಡ್ ಕೊಡುವ ಬೋರ್ಡ್ ಅಂದುಕೊಳ್ಳಬೇಡಿ. ಇದು ಬೇರೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ಆಯಾ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ನಡೆಸುತ್ತದೆ. ಆ ಡಿಸ್ಟ್ರಿಕ್ಟಿನ ಮೇಲೆ ಕೂತಿರುವುದು ಜನರೇ ಆರಿಸಿದ ಬೋರ್ಡ್. ಲಾಸ್ ಏಂಜಲೀಸಿನ ಡಿಸ್ಟ್ರಿಕ್ಟ್ ನ್ಯೂಯಾರ್ಕ್ ಬಿಟ್ಟರೆ ದೇಶದಲ್ಲೇ ದೊಡ್ಡದು. ಸುಮಾರು 4 ಲಕ್ಷ ಮಕ್ಕಳು, ವರ್ಷಕ್ಕೆ 1,800 ಕೋಟಿ ಡಾಲರಿಗೂ ಮೀರಿದ ಬಜೆಟ್. ಇದನ್ನೆಲ್ಲ ನೋಡಿಕೊಳ್ಳುವ ಬೋರ್ಡಿನಲ್ಲಿ ಇರುವುದು ಏಳೇ ಜನ.

ಮೊನ್ನೆ ಮೊನ್ನೆವರೆಗೂ ನನಗೆ ಈ ಕಥೆ ಸುಲಭವಾಗಿ ಕಾಣುತ್ತಿತ್ತು. ಒಂದು ಕಡೆ 'ಸುಧಾರಕರು', ಇನ್ನೊಂದು ಕಡೆ 'ಯೂನಿಯನ್ನಿನವರು', ಅಂದರೆ ಶಿಕ್ಷಕರ ಸಂಘದವರು. ಮೆಲ್ವೊಯಿನ್ ಸುಧಾರಕ, ಜಿಮ್ಮರ್ ಯೂನಿಯನ್ ಮನುಷ್ಯ. ಪತ್ರಿಕೆಗಳೂ ಹಾಗೇ ಬರೆದವು. ಆದರೆ ಇಬ್ಬರ ಹಿನ್ನೆಲೆ ನೋಡಿ. ಜಿಮ್ಮರ್ ಮೇಷ್ಟ್ರಾಗಿದ್ದು ಟೀಚ್ ಫಾರ್ ಅಮೆರಿಕ ಎಂಬ ಸಂಸ್ಥೆಯ ಮೂಲಕ. ಕಾಲೇಜು ಮುಗಿಸಿದ ಚುರುಕು ಹುಡುಗರನ್ನು ಬಡ ಬಡಾವಣೆಯ ಶಾಲೆಗೆ ಎರಡು ವರ್ಷ ಪಾಠ ಮಾಡಲು ಕಳಿಸುವ ಸಂಸ್ಥೆ ಅದು. ಯೂನಿಯನ್ನಿನವರಿಗೆ ಅದರ ಹೆಸರು ಕೇಳಿದರೇ ಆಗುವುದಿಲ್ಲ. ಜಿಮ್ಮರ್ ಮಾತ್ರ ಎರಡು ವರ್ಷಕ್ಕೆ ಹೊರಡಲಿಲ್ಲ, 17 ವರ್ಷ ಶಿಕ್ಷಕ ಮತ್ತು ಕೌನ್ಸೆಲರ್ ಆಗಿ ಉಳಿದರು. ಮೆಲ್ವೊಯಿನ್ ಬಂದಿದ್ದೂ ಅದೇ ಸಂಸ್ಥೆಯ ಬಾಗಿಲಿಂದಲೇ. ವಾಟ್ಸ್ ಎಂಬ ಬಡ ಪ್ರದೇಶದ ಮಾರ್ಖಮ್ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಆರ್ಥಿಕ ಕುಸಿತದ ಹೊತ್ತಿಗೆ, ಅಂದರೆ 2009ರಲ್ಲಿ, ಡಿಸ್ಟ್ರಿಕ್ಟ್ ಶಿಕ್ಷಕರನ್ನು ತೆಗೆಯಲು ಶುರು ಮಾಡಿತು. ಕೊನೆಗೆ ಸೇರಿದವರು ಮೊದಲು ಹೊರಗೆ ಅನ್ನುವುದು ಅಲ್ಲಿನ ನಿಯಮ. ಬಡ ಬಡಾವಣೆಯ ಶಾಲೆಗಳಲ್ಲಿ ಹೊಸಬರೇ ಜಾಸ್ತಿ ಇರುತ್ತಾರೆ, ಹಾಗಾಗಿ ಮಾರ್ಖಮ್‌ನಂಥ ಶಾಲೆಯಲ್ಲಿ ಅರ್ಧಕ್ಕೂ ಜಾಸ್ತಿ ಶಿಕ್ಷಕರ ಕೈಗೆ ನೋಟಿಸ್ ಬಂತು. ಮೆಲ್ವೊಯಿನ್ ಕೂಡ ಕೆಲಸ ಕಳೆದುಕೊಂಡರು. 2010ರಲ್ಲಿ ಆ ಮಕ್ಕಳ ಪರವಾಗಿ ಕೇಸು ಹಾಕಿದಾಗ ಅವರು ಅದರ ಜೊತೆ ನಿಂತರು. ಹಿರಿತನದ ನಿಯಮದ ಮೇಲೆ, ಆ ಮೂಲಕ ಯೂನಿಯನ್ ಮೇಲೆ ಅವರಿಗೆ ಇದ್ದ ಸಿಟ್ಟು ಪುಸ್ತಕ ಓದಿ ಬಂದಿದ್ದಲ್ಲ.

ಇಬ್ಬರೂ ಒಂದೇ ಬಾಗಿಲಿಂದ ಬಂದು ಒಂದೇ ಕುರ್ಚಿಗೆ ಕೂತವರು. ಇಬ್ಬರೂ ಸರ್ಕಾರಿ ಶಾಲೆ ಸರಿ ಮಾಡುತ್ತೇನೆ ಅಂದವರು. ಹಾಗಾದರೆ 'ಸುಧಾರಣೆ' ಅನ್ನುವ ಪದ ನಮಗೆ ಏನನ್ನೂ ಹೇಳುವುದಿಲ್ಲ. ನೋಡಬೇಕಾದ್ದು ವೋಟು. ಯಾವ ವಿಷಯಕ್ಕೆ ಕೈ ಎತ್ತಿದರು, ಆ ವಿಷಯ ಅವರ ಕೈಯಲ್ಲಿತ್ತಾ, ಆಮೇಲೆ ಅದರ ಗತಿ ಏನಾಯಿತು ಅಂತ ನಾನು ಹಿಂದೆ ಹೋಗಿ ನೋಡಿದಾಗ ಈ ಇಬ್ಬರ ಲೆಕ್ಕ ಅಂದುಕೊಂಡ ಹಾಗೆ ಇರಲಿಲ್ಲ.

ಮೊದಲು ಅವರ ಕೈಯಲ್ಲಿ ಏನಿಲ್ಲ ಅನ್ನುವುದು ಗೊತ್ತಿರಬೇಕು. ದುಡ್ಡು ಇಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಪಾಸು ಮಾಡಿ ಆಸ್ತಿ ತೆರಿಗೆಗೆ ಶೇ. 1ರ ಮಿತಿ ಹಾಕಿಬಿಟ್ಟರು. ಅವತ್ತಿಂದ ಶಾಲೆಗಳ ದುಡ್ಡಿನ ತಿಜೋರಿ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿದೆ. 2013ರಲ್ಲಿ ಹಂಚಿಕೆಯ ಸೂತ್ರ ಬದಲಾಯಿತು. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸಾಕುಮನೆಗಳಲ್ಲಿರುವ ಮಕ್ಕಳು ಇರುವ ಕಡೆ ಜಾಸ್ತಿ ದುಡ್ಡು. ಆದರೂ ಲೆಕ್ಕ ಹಾಕುವುದು ದಿನದ ಹಾಜರಿ ನೋಡಿಯೇ. ಒಂದು ಮಗು ಶಾಲೆಗೆ ಬರದಿದ್ದರೆ ಅಷ್ಟು ದುಡ್ಡು ಖೋತಾ. ಈ ಡಿಸ್ಟ್ರಿಕ್ಟಿನಲ್ಲಿ 2000ದ ದಶಕದ ಆರಂಭದಲ್ಲಿ 7 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು, ಈಗ 4 ಲಕ್ಷದ ಆಸುಪಾಸು. ಹುಟ್ಟುವ ಮಕ್ಕಳು ಕಡಿಮೆ, ಮನೆ ಬಾಡಿಗೆ ಕೈಗೆಟುಕದೆ ಊರು ಬಿಟ್ಟವರು ಜಾಸ್ತಿ, ಮೇಲೆ ಚಾರ್ಟರ್ ಶಾಲೆಗಳು. ಇದರಲ್ಲಿ ಮೊದಲ ಎರಡನ್ನು ಯಾವ ಬೋರ್ಡ್ ಸದಸ್ಯನೂ ತಡೆಯಲಾರ.

ಎಲ್ಲರೂ ಕಿತ್ತಾಡುವುದು ಮೂರನೆಯದರ ಮೇಲೆ. ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡು, ಫೀಸು ಇಲ್ಲ, ಆದರೆ ನಡೆಸುವುದು ಬೇರೆ ಸಂಸ್ಥೆ. ಡಿಸ್ಟ್ರಿಕ್ಟಿನ ಬಹಳಷ್ಟು ನಿಯಮ ಅದಕ್ಕೆ ಅನ್ವಯಿಸುವುದಿಲ್ಲ, ಹೆಚ್ಚಿನ ಕಡೆ ಯೂನಿಯನ್ನೂ ಇಲ್ಲ. 1991ರಲ್ಲಿ ಮಿನೆಸೋಟ ಇಂಥ ಕಾನೂನು ಮಾಡಿತು, 1992ರಲ್ಲಿ ಕ್ಯಾಲಿಫೋರ್ನಿಯಾ. ದೇಶದಲ್ಲೇ ಅತಿ ಹೆಚ್ಚು ಚಾರ್ಟರ್ ಶಾಲೆಗಳಿರುವ ಡಿಸ್ಟ್ರಿಕ್ಟುಗಳಲ್ಲಿ ಲಾಸ್ ಏಂಜಲೀಸ್ ಕೂಡ ಒಂದು. ಚಾರ್ಟರ್ ಬೇಕು ಅನ್ನುವವರ ಮಾತಲ್ಲೂ ಹುರುಳಿದೆ. ಹತ್ತಿರದ ಶಾಲೆ ಚೆನ್ನಾಗಿಲ್ಲ, ಒಳ್ಳೇ ಬಡಾವಣೆಗೆ ಹೋಗಲು ಕೈಯಲ್ಲಿ ಕಾಸಿಲ್ಲ ಅನ್ನುವ ತಾಯಿಗೆ ಹತ್ತು ವರ್ಷ ಕಾಯಿರಿ, ಸರಿ ಮಾಡುತ್ತೇವೆ ಅಂದರೆ ಏನು ಬಂತು? ಬೇಡ ಅನ್ನುವವರ ಲೆಕ್ಕವೂ ಸುಳ್ಳಲ್ಲ. ಒಂದು ಶಾಲೆಯಿಂದ 40 ಮಕ್ಕಳು ಹೋದರೆ ಅವರ ಹಿಂದೆ ದುಡ್ಡೂ ಹೋಗುತ್ತದೆ, ಆದರೆ ಕಟ್ಟಡದ ರಿಪೇರಿ, ಬಸ್ಸು, ಹಳೇ ನೌಕರರ ಪಿಂಚಣಿ ಇವೆಲ್ಲ ಹಾಗೇ ಉಳಿಯುತ್ತವೆ.

ಇದರ ಮೇಲೆ ಇನ್ನೊಂದು ಗಂಟಿದೆ. 2000ದಲ್ಲಿ ಪಾಸಾದ ಪ್ರೊಪೊಸಿಷನ್ 39 ಶಾಲಾ ಕಟ್ಟಡಕ್ಕೆ ಸಾಲ ಎತ್ತುವ ಬಾಂಡುಗಳಿಗೆ ಬೇಕಾದ ವೋಟನ್ನು ಮೂರನೇ ಎರಡರಿಂದ ಶೇ. 55ಕ್ಕೆ ಇಳಿಸಿತು. ಅದಕ್ಕೆ ಬದಲಾಗಿ ಚಾರ್ಟರ್ ಮಕ್ಕಳಿಗೂ ಸರಿಸುಮಾರು ಸಮನಾದ ಜಾಗ ಕೊಡಬೇಕು ಅಂದಿತು. ಹಾಗಾಗಿ ಒಂದೇ ಆವರಣದಲ್ಲಿ ಎರಡು ಶಾಲೆ. ಒಂದೇ ಆಟದ ಮೈದಾನ, ಒಂದೇ ಊಟದ ಹಾಲ್, ಗಂಟೆ ಮಾತ್ರ ಬೇರೆ. ಖಾಲಿ ಅಂತ ಕಾಗದದಲ್ಲಿ ಕಾಣುವ ಕೋಣೆಯಲ್ಲಿ ಸಂಗೀತದ ಕ್ಲಾಸೋ ಕಂಪ್ಯೂಟರ್ ಲ್ಯಾಬೋ ನಡೆಯುತ್ತಿರುತ್ತದೆ. ಅದನ್ನು ಖಾಲಿ ಮಾಡಿ ಕೊಡಬೇಕು ಅಂದಾಗ ಪೋಷಕರು ಪೋಷಕರ ಮೇಲೇ ತಿರುಗಿ ಬೀಳುತ್ತಾರೆ. ಕಾನೂನು ಮಾಡಿದವರು ಆ ಹೊತ್ತಿಗೆ ಅಲ್ಲಿ ಇರುವುದಿಲ್ಲ, ಬೈಗುಳ ತಿನ್ನುವುದು ಬೋರ್ಡ್ ಸದಸ್ಯರು.

ಈಗ ಜಿಮ್ಮರ್ ಲೆಕ್ಕಕ್ಕೆ ಬರೋಣ. 2009ರಲ್ಲಿ ಆರಿಸಿ ಬಂದರು. 2012ರಲ್ಲಿ ಹೊಸ ಚಾರ್ಟರ್‌ಗಳ ವೇಗಕ್ಕೆ ಕಡಿವಾಣ ಹಾಕುವ ಪ್ರಸ್ತಾವ ತಂದು ಶ್ರೀಮಂತ ದಾನಿಗಳ ಕೆಂಗಣ್ಣಿಗೆ ಗುರಿಯಾದರು. 2013ರ ಚುನಾವಣೆಗೆ ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಎದುರು ಪಾಳಯಕ್ಕೆ 10 ಲಕ್ಷ ಡಾಲರ್ ಕೊಟ್ಟರು. ಇನ್ಯಾವುದೋ ಊರಿನ ಮೇಯರ್, ಇನ್ಯಾವುದೋ ಊರಿನ ಸ್ಕೂಲ್ ಬೋರ್ಡು! ಆದರೂ ಜಿಮ್ಮರ್ ಸ್ವಲ್ಪದರಲ್ಲಿ ಗೆದ್ದರು. ಅಷ್ಟಾದರೂ ಇದೇ ಮನುಷ್ಯ ಮುಂದೆ ಬಂದ ಚಾರ್ಟರ್ ಅರ್ಜಿಗಳಿಗೆ ಎಷ್ಟೋ ಸಲ ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆಗಿನ ಕಾನೂನಿನಲ್ಲಿ ಡಿಸ್ಟ್ರಿಕ್ಟಿಗೆ ಆರ್ಥಿಕ ನಷ್ಟವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವ ಹಾಗೇ ಇರಲಿಲ್ಲ. ಚಾರ್ಟರ್ ವಿರೋಧಿ ಅಂತ ಹಣೆಪಟ್ಟಿ ಕಟ್ಟಿದವರು ಇದನ್ನು ಹೇಳುವುದೇ ಇಲ್ಲ.

ಜಿಮ್ಮರ್ ಲೆಕ್ಕದಲ್ಲಿ ನನಗೆ ಮುಖ್ಯ ಅನ್ನಿಸುವುದು ಚಾರ್ಟರ್ ಅಲ್ಲ, ಐಪ್ಯಾಡ್. 2013ರ ಜೂನಿನಲ್ಲಿ ಬೋರ್ಡ್ ಆಪಲ್ ಕಂಪನಿಯ ಜೊತೆ 3 ಕೋಟಿ ಡಾಲರ್ ಗುತ್ತಿಗೆಗೆ ಒಪ್ಪಿಗೆ ಕೊಟ್ಟಿತು. ಅದು ಮೊದಲ ಕಂತು ಅಷ್ಟೇ. ಪ್ರತಿ ಮಗುವಿಗೂ ಒಂದು ಐಪ್ಯಾಡ್ ಕೊಡುವ ಪೂರ್ತಿ ಯೋಜನೆ ಸುಮಾರು 130 ಕೋಟಿ ಡಾಲರಿನದು. ಯೋಜನೆ ಸೂಪರಿಂಟೆಂಡೆಂಟ್, ಅಂದರೆ ಬೋರ್ಡ್ ನೇಮಿಸುವ ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿ, ಜಾನ್ ಡೀಸಿ ಅವರದ್ದು. ದುಡ್ಡು ಶಾಲಾ ಕಟ್ಟಡದ ಬಾಂಡಿನದು. ಅಂದರೆ 25 ವರ್ಷ ತೀರಿಸಬೇಕಾದ ಸಾಲದಲ್ಲಿ ಮೂರ್ನಾಲ್ಕು ವರ್ಷ ಬಾಳುವ ಯಂತ್ರ ಕೊಳ್ಳುವುದು! ಬೋರ್ಡಿನಲ್ಲಿ ಯೂನಿಯನ್ ಪರ ಇದ್ದವರು, ಸುಧಾರಕರ ಪರ ಇದ್ದವರು, ಯಾರೂ ವಿರುದ್ಧ ವೋಟು ಹಾಕಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಐಪ್ಯಾಡ್ ಮಕ್ಕಳ ಕೈ ಸೇರಿತು. ಕೆಲವೇ ದಿನದಲ್ಲಿ ರೂಸ್‌ವೆಲ್ಟ್ ಹೈಸ್ಕೂಲಿನ ಮಕ್ಕಳು ಅದರ ಬೀಗ ಮುರಿದು ಬೇಕಾದ ಸೈಟುಗಳಿಗೆ ಹೋಗುತ್ತಿದ್ದರು. (ನಿಜ ಹೇಳಬೇಕಂದರೆ ಇಡೀ ಪ್ರಕರಣದಲ್ಲಿ ತಂತ್ರಜ್ಞಾನ ಚೆನ್ನಾಗಿ ಕಲಿತವರು ಅವರೇ.) ಒಳಗೆ ಇರಬೇಕಾಗಿದ್ದ ಪಿಯರ್ಸನ್ ಕಂಪನಿಯ ಪಠ್ಯ ಪೂರ್ತಿ ತಯಾರೇ ಆಗಿರಲಿಲ್ಲ. 2014ರ ಆಗಸ್ಟಿನಲ್ಲಿ, ಟೆಂಡರಿಗೂ ಮೊದಲೇ ಡೀಸಿ ಮತ್ತು ಅವರ ಅಧಿಕಾರಿಗಳು ಈ ಕಂಪನಿಗಳ ಜೊತೆ ಮಾತಾಡಿದ್ದ ಇಮೇಲ್‌ಗಳು ಹೊರಬಂದವು. ಗುತ್ತಿಗೆ ನಿಂತಿತು. ಅದೇ ತಿಂಗಳು ಮಕ್ಕಳ ದಾಖಲೆ ಇಡುವ ಹೊಸ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟು, ಜೆಫರ್ಸನ್ ಹೈಸ್ಕೂಲಿನಲ್ಲಿ ಮಕ್ಕಳು ಟೈಮ್‌ಟೇಬಲ್ಲೇ ಇಲ್ಲದೆ ವಾರಗಟ್ಟಲೆ ಕೂರಬೇಕಾಯಿತು. ಅಕ್ಟೋಬರಿನಲ್ಲಿ ಡೀಸಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಎಫ್‌ಬಿಐನವರು ಬಂದು 20 ಪೆಟ್ಟಿಗೆ ದಾಖಲೆ ಹೊತ್ತುಕೊಂಡು ಹೋದರು. ಯಾರ ಮೇಲೂ ಆರೋಪ ಹೊರಿಸಲಿಲ್ಲ. ಕೊನೆಗೆ ಕಂಪನಿಗಳಿಂದ ಡಿಸ್ಟ್ರಿಕ್ಟಿಗೆ ವಾಪಸು ಸಿಕ್ಕಿದ್ದು 64 ಲಕ್ಷ ಡಾಲರ್.

2017ರಲ್ಲಿ ಜಿಮ್ಮರ್ ಅವರನ್ನು ಹೊಡೆಯಲು ಈ ಐಪ್ಯಾಡನ್ನೇ ಬಳಸಿದರು. ಇಲ್ಲಿ ಸ್ವಲ್ಪ ನಗು ಬರುತ್ತದೆ. ಯಾಕೆಂದರೆ ಡೀಸಿ ಆ ಕಾಲದ 'ಸುಧಾರಕ'ರ ಕಣ್ಮಣಿ. ಜಿಮ್ಮರ್ ಅವರನ್ನು ಕಿತ್ತೊಗೆಯಲು ದುಡ್ಡು ಹಾಕಿದ ಬಳಗ ಒಂದು ಕಾಲಕ್ಕೆ ಡೀಸಿ ಬೆನ್ನಿಗೆ ನಿಂತಿತ್ತು. ಹಾಗಂತ ಜಿಮ್ಮರ್ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಸೂಪರಿಂಟೆಂಡೆಂಟ್ ತಂದಿದ್ದನ್ನು ಪ್ರಶ್ನೆ ಕೇಳಿ ನಿಲ್ಲಿಸುವುದೇ ಬೋರ್ಡಿನ ಕೆಲಸ. ಅವತ್ತು ಆ ಕೆಲಸ ಆಗಲಿಲ್ಲ.

ಹೈಸ್ಕೂಲ್ ಮುಗಿಸಿ ಡಿಪ್ಲೊಮ ಪಡೆಯುವವರ ಪ್ರಮಾಣದ ಕಥೆ ಇನ್ನೂ ಸೂಕ್ಷ್ಮ. 2005ರಲ್ಲಿ ಅಂದಿನ ಬೋರ್ಡ್ ಒಂದು ದೊಡ್ಡ ಕನಸು ಕಂಡಿತ್ತು. ರಾಜ್ಯದ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಕೇಳುವ 15 ಕೋರ್ಸುಗಳನ್ನು ಪ್ರತಿ ಮಗುವೂ ಮುಗಿಸಲೇಬೇಕು, ಆಗಲೇ ಹೈಸ್ಕೂಲ್ ಡಿಪ್ಲೊಮ. 2017ರಲ್ಲಿ ಪಾಸಾಗುವವರು ಎಲ್ಲದರಲ್ಲೂ ಕನಿಷ್ಠ 'ಸಿ' ತರಬೇಕಿತ್ತು. ಗಡುವು ಹತ್ತಿರ ಬಂದಾಗ ಸಾವಿರಾರು ಮಕ್ಕಳು ಹೊರಗುಳಿಯುತ್ತಾರೆ ಅಂತ ಗೊತ್ತಾಯಿತು. 2015ರ ಜೂನಿನಲ್ಲಿ ಬೋರ್ಡ್ ಅದನ್ನು 'ಡಿ'ಗೆ ಇಳಿಸಿತು. ಅಷ್ಟಾದರೂ ಆ ವರ್ಷದ ಕೊನೆಗೆ ಸರಿದಾರಿಯಲ್ಲಿದ್ದವರು ಶೇ. 54 ಮಾತ್ರ ಅನ್ನುವ ಅಂದಾಜು ಬಂತು. ಆಮೇಲೆ ಕ್ರೆಡಿಟ್ ರಿಕವರಿ ಅಂತ ಶುರುವಾಯಿತು. ಫೇಲಾದ ವಿಷಯವನ್ನು ರಜೆಯಲ್ಲಿ, ಶನಿವಾರ, ಕಂಪ್ಯೂಟರ್ ಮುಂದೆ ಕೂತು ಮತ್ತೆ ಮುಗಿಸುವುದು. 2016ರಲ್ಲಿ ಡಿಪ್ಲೊಮ ಪಡೆದವರ ಪ್ರಮಾಣ ಶೇ. 75 ದಾಟಿತು. ಜಿಮ್ಮರ್ ಪರ ಇದ್ದವರಿಗೆ ಇದು ಸಾಧನೆ, ವಿರುದ್ಧ ಇದ್ದವರಿಗೆ ಗೋಲ್‌ಮಾಲ್. ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ ನನಗನ್ನಿಸುತ್ತದೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ಒಂದು ಬೀಜಗಣಿತದ ಪೇಪರಿಗಾಗಿ ಡಿಪ್ಲೊಮ ಇಲ್ಲದೆ ಮನೆಗೆ ಹೋಗುವುದು ಒಳ್ಳೇದಲ್ಲ. ಆರು ತಿಂಗಳಲ್ಲಿ ಶೇ. 20ಕ್ಕೂ ಹೆಚ್ಚು ಮಕ್ಕಳು ಒಮ್ಮೆಲೇ ಕಲಿತುಬಿಟ್ಟರು ಅಂತ ನಂಬುವುದೂ ಕಷ್ಟ, ಅಲ್ವಾ?

ಹೀಗಿರುವಾಗ 2015ರ ಸೆಪ್ಟೆಂಬರಿನಲ್ಲಿ ಒಂದು ಗುಟ್ಟಿನ ದಾಖಲೆ ಸೋರಿತು. ಶ್ರೀಮಂತ ದಾನಿ ಎಲಿ ಬ್ರಾಡ್ ಅವರ ಪ್ರತಿಷ್ಠಾನ ತಯಾರಿಸಿದ ಯೋಜನೆ. 49 ಕೋಟಿ ಡಾಲರ್ ಕೂಡಿಸಿ, 260 ಹೊಸ ಚಾರ್ಟರ್ ಶಾಲೆ ತೆರೆದು, ಎಂಟು ವರ್ಷದಲ್ಲಿ ಡಿಸ್ಟ್ರಿಕ್ಟಿನ ಅರ್ಧ ಮಕ್ಕಳನ್ನು ಅಲ್ಲಿಗೆ ಸೆಳೆಯುವುದು. 2016ರ ಜನವರಿಯಲ್ಲಿ ಬೋರ್ಡ್ ಇದನ್ನು ವಿರೋಧಿಸಿ ಒಮ್ಮತದ ನಿರ್ಣಯ ಮಾಡಿತು. ಚಾರ್ಟರ್ ಬೆಂಬಲದಿಂದ ಗೆದ್ದವರೂ ಸೇರಿ ಏಳಕ್ಕೆ ಏಳು ವೋಟು. 2017ರ ದುಡ್ಡಿನ ಹೊಳೆಗೆ ಇದೇ ಹಿನ್ನೆಲೆ. ನೆಟ್‌ಫ್ಲಿಕ್ಸಿನ ರೀಡ್ ಹೇಸ್ಟಿಂಗ್ಸ್, ಮಾಜಿ ಮೇಯರ್ ರಿಚರ್ಡ್ ರಿಯೊರ್ಡನ್ ಅಂಥವರ ದುಡ್ಡು ಒಂದು ಕಡೆ, ಶಿಕ್ಷಕರ ಯೂನಿಯನ್ನಿನ ದುಡ್ಡು ಇನ್ನೊಂದು ಕಡೆ. ಮೆಲ್ವೊಯಿನ್ ಡೆಮೊಕ್ರಾಟ್, ಒಬಾಮ ಕಾಲದ ಶಿಕ್ಷಣ ಸಚಿವ ಆರ್ನಿ ಡಂಕನ್ ಅವರ ಬೆಂಬಲ ಇತ್ತು. ಜಿಮ್ಮರ್ ಅವರಿಗೆ ಬರ್ನಿ ಸ್ಯಾಂಡರ್ಸ್ ಬೆಂಬಲ. ಆದರೂ ಮನೆಮನೆಗೆ ಬಂದ ಕರಪತ್ರಗಳಲ್ಲಿ ಮೆಲ್ವೊಯಿನ್ ಅವರನ್ನು ಟ್ರಂಪ್ ಜೊತೆ ಗಂಟು ಹಾಕಿದ್ದರು. ಎರಡೂ ಕಡೆ ಕೆಸರೆರಚಾಟ ಭರ್ಜರಿಯಾಗಿತ್ತು.

ಮೆಲ್ವೊಯಿನ್ ಗೆದ್ದ ಮೇಲೆ ಚಾರ್ಟರ್ ಬೆಂಬಲದವರಿಗೆ ಮೊದಲ ಸಲ 4-3 ಬಹುಮತ ಬಂತು. ಈಗ ಎಲ್ಲ ಬದಲಾಗುತ್ತದೆ ಅಂತ ಒಂದು ಕಡೆಯವರು ಕುಣಿದರು, ಎಲ್ಲ ಮುಗಿಯಿತು ಅಂತ ಇನ್ನೊಂದು ಕಡೆಯವರು ಅತ್ತರು. ಎರಡೂ ಆಗಲಿಲ್ಲ. ಆ ನಾಲ್ವರಲ್ಲಿ ಒಬ್ಬರಾದ ರೆಫ್ ರಾಡ್ರಿಗೆಸ್ ಮೇಲೆ ಚುನಾವಣಾ ದೇಣಿಗೆಯ ವಿಷಯದಲ್ಲಿ 2017ರ ಸೆಪ್ಟೆಂಬರಿನಲ್ಲೇ ಕೇಸಾಯಿತು, 2018ರ ಜುಲೈನಲ್ಲಿ ತಪ್ಪೊಪ್ಪಿಕೊಂಡು ಹುದ್ದೆ ಬಿಟ್ಟರು. ಬಹುಮತ ಇದ್ದದ್ದು ಒಂದೇ ವರ್ಷ. ಆದರೆ ಆ ವರ್ಷದಲ್ಲಿ ಒಂದು ದೊಡ್ಡ ತೀರ್ಮಾನ ಆಗಿಹೋಗಿತ್ತು. 2018ರ ಮೇ ತಿಂಗಳಲ್ಲಿ ಆಸ್ಟಿನ್ ಬ್ಯೂಟ್ನರ್ ಅವರನ್ನು 5-2 ವೋಟಿನಿಂದ ಸೂಪರಿಂಟೆಂಡೆಂಟ್ ಮಾಡಿದ್ದರು. ಹಣಕಾಸು ಬ್ಯಾಂಕಿಂಗಿನಿಂದ ಬಂದವರು, ಶಾಲೆ ನಡೆಸಿ ಗೊತ್ತಿಲ್ಲದವರು.

ಎಂಟು ತಿಂಗಳಲ್ಲಿ ಮುಷ್ಕರ. 2019ರ ಜನವರಿ 14ರಂದು, ಮಳೆಯಲ್ಲಿ, 30 ಸಾವಿರಕ್ಕೂ ಹೆಚ್ಚು ಶಿಕ್ಷಕರು ಬೀದಿಗಿಳಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ. ಆರು ಶಾಲಾ ದಿನ ನಡೆಯಿತು. ಶಿಕ್ಷಕರಿಗೆ ಸಿಕ್ಕಿದ್ದು ಶೇ. 6 ಸಂಬಳ ಏರಿಕೆ, ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಸುವ ಒಪ್ಪಂದ, ಪ್ರತಿ ಶಾಲೆಗೂ ನರ್ಸ್. ಇನ್ನೊಂದು ಷರತ್ತೂ ಇತ್ತು: ಹೊಸ ಚಾರ್ಟರ್‌ಗಳನ್ನು ಸದ್ಯಕ್ಕೆ ನಿಲ್ಲಿಸಿ ಅಂತ ರಾಜ್ಯವನ್ನು ಕೇಳುವ ನಿರ್ಣಯವನ್ನು ಬೋರ್ಡ್ ವೋಟಿಗೆ ಹಾಕಬೇಕು. ಜನವರಿ 29ರಂದು ಅದು 5-1ರಲ್ಲಿ ಪಾಸಾಯಿತು. ಆ ಒಂದು 'ಇಲ್ಲ' ಮೆಲ್ವೊಯಿನ್ ಅವರದ್ದು. ಚಾರ್ಟರ್ ದುಡ್ಡಿನಲ್ಲಿ ಗೆದ್ದ ಬೇರೆಯವರು ಗಾಳಿ ಬಂದ ಕಡೆ ತೂರಿಕೊಂಡಾಗ ಇವರು ಒಬ್ಬರೇ ನಿಂತರು. ಅವರ ನಿಲುವು ಒಪ್ಪಿದರೂ ಬಿಟ್ಟರೂ ಈ ವೋಟಿಗೆ ನಾನು ಮಾರ್ಕ್ಸ್ ಕೊಡುತ್ತೇನೆ. ಅಂದಹಾಗೆ ಆ ಅಕ್ಟೋಬರಿನಲ್ಲಿ ರಾಜ್ಯವೇ ಎಬಿ 1505 ಕಾನೂನು ತಂದು, ಆರ್ಥಿಕ ಪರಿಣಾಮ ನೋಡಿ ಚಾರ್ಟರ್ ಅರ್ಜಿ ತಿರಸ್ಕರಿಸುವ ಅಧಿಕಾರವನ್ನು ಡಿಸ್ಟ್ರಿಕ್ಟುಗಳಿಗೆ ಕೊಟ್ಟಿತು. ಜಿಮ್ಮರ್ ಕೈಯಲ್ಲಿ ಇಲ್ಲದಿದ್ದ ಅಸ್ತ್ರ ಅವರು ಸೋತು ಎರಡು ವರ್ಷದ ಮೇಲೆ ಬಂತು.

ಆ ವರ್ಷದ ಜೂನಿನಲ್ಲಿ ಬೋರ್ಡ್ ದುಡ್ಡಿಗಾಗಿ ನೇರ ಮತದಾರರ ಹತ್ತಿರ ಹೋಗಿತ್ತು. ಆ ತೆರಿಗೆ ಪ್ರಸ್ತಾವದ ಹೆಸರು ಮೆಷರ್ ಇಇ. ಕಟ್ಟಡದ ಪ್ರತಿ ಚದರಡಿಗೆ 16 ಸೆಂಟ್ ತೆರಿಗೆ. ಮುಷ್ಕರದಲ್ಲಿ ಶಿಕ್ಷಕರಿಗೆ ಕಾಫಿ ತಂದುಕೊಟ್ಟ ಊರು ಕೈ ಬಿಚ್ಚುತ್ತದೆ ಅಂದುಕೊಂಡಿದ್ದರು. ಬೇಕಿದ್ದದ್ದು ಮೂರನೇ ಎರಡು ವೋಟು, ಬಂದದ್ದು ಸುಮಾರು ಶೇ. 46. ಸುಧಾರಕರೂ ಯೂನಿಯನ್ನೂ ಒಟ್ಟಿಗೆ ಬಂದು ಕೇಳಿದ ಅಪರೂಪದ ಸಂದರ್ಭ, ಆದರೂ ಮಣ್ಣು ಮುಕ್ಕಿತು.

ಪಾಳಯದ ಲೆಕ್ಕ ತಪ್ಪುವ ಇನ್ನೊಂದು ವೋಟು 2020ರ ಜೂನ್ 30ರದ್ದು. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರದ ದಿನಗಳು. ಶಾಲಾ ಪೊಲೀಸ್ ಪಡೆಯ ಬಜೆಟ್ಟಿನಲ್ಲಿ 2.5 ಕೋಟಿ ಡಾಲರ್ ಕಡಿತಕ್ಕೆ 4-3 ವೋಟು. ಕಡಿತದ ಪರ ಮೆಲ್ವೊಯಿನ್ ಕೈ ಎತ್ತಿದರು. ಅವರ ಜೊತೆ ಕೈ ಎತ್ತಿದವರಲ್ಲಿ ಯೂನಿಯನ್ನಿನ ಕಟ್ಟಾ ಬೆಂಬಲಿಗರಾದ ಜ್ಯಾಕಿ ಗೋಲ್ಡ್‌ಬರ್ಗ್ ಕೂಡ ಇದ್ದರು. ಯೂನಿಯನ್ ಬೆಂಬಲದ ಬೇರೆ ಸದಸ್ಯರು ವಿರುದ್ಧ ಇದ್ದರು. ಅವತ್ತು ಹಳೇ ಗೆರೆಗಳೆಲ್ಲ ಕಲಸಿಹೋಗಿದ್ದವು.

ಚಾರ್ಟರ್ ವಿಷಯ ಬಂದರೆ ಮಾತ್ರ ಮತ್ತೆ ಅದೇ ಗೆರೆ. 2024ರ ಫೆಬ್ರುವರಿಯಲ್ಲಿ, ತೀರಾ ಹಿಂದುಳಿದ ಮಕ್ಕಳಿರುವ ಕೆಲವು ಶಾಲೆಗಳ ಆವರಣದಲ್ಲಿ ಚಾರ್ಟರ್‌ಗಳಿಗೆ ಜಾಗ ಕೊಡುವುದನ್ನು ತಪ್ಪಿಸುವ ನೀತಿ 4-3ರಲ್ಲಿ ಪಾಸಾಯಿತು. ಮೆಲ್ವೊಯಿನ್ ವಿರುದ್ಧ. ಚಾರ್ಟರ್ ಸಂಘದವರು ಕೋರ್ಟಿಗೆ ಹೋದರು. ಅದಾಗಿ ನಾಲ್ಕು ತಿಂಗಳಿಗೆ, ಜೂನ್ 18ರಂದು, ಮೆಲ್ವೊಯಿನ್ ತಂದ ಮೊಬೈಲ್ ನಿಷೇಧದ ನಿರ್ಣಯ 5-2ರಲ್ಲಿ ಗೆದ್ದಿತು. ಶಾಲೆ ಶುರುವಾಗಿ ಮುಗಿಯುವವರೆಗೆ, ಊಟದ ಬಿಡುವೂ ಸೇರಿ, ಫೋನ್ ಇಲ್ಲ. 2025ರ ಫೆಬ್ರುವರಿಯಿಂದ ಜಾರಿಗೆ ಬಂತು. ನನ್ನ ಲೆಕ್ಕದಲ್ಲಿ ಅವರ ಅತಿ ಸ್ಪಷ್ಟ ಸಾಧನೆ ಇದೇ. ತಮಾಷೆ ನೋಡಿ, ಇದಕ್ಕೂ 2017ರ ಯುದ್ಧಕ್ಕೂ ಸಂಬಂಧವೇ ಇಲ್ಲ. ಕೋಟಿಗಟ್ಟಲೆ ಸುರಿದ ದಾನಿಗಳು ಯಾರೂ ಫೋನ್ ತೆಗೆಸಲಿ ಅಂತ ಅವರನ್ನು ಗೆಲ್ಲಿಸಲಿಲ್ಲ. ಇದು ಹೊರಗಿನವರ ದುಡ್ಡಿಲ್ಲದೆ, ಕಾನೂನಿನ ಅಡ್ಡಿಯಿಲ್ಲದೆ, ಒಬ್ಬ ಸದಸ್ಯ ಬರೆದು ಇನ್ನು ನಾಲ್ವರನ್ನು ಒಪ್ಪಿಸಿ ಮಾಡಬಹುದಾದ ಕೆಲಸ. ಬೋರ್ಡ್ ಸದಸ್ಯರ ನಿಜವಾದ ಅಳತೆ ಅಷ್ಟೇ ಇರುವುದು.

ಆದರೆ ಐಪ್ಯಾಡ್ ನೆನಪಿದೆ ತಾನೇ? 2024ರ ಮಾರ್ಚಿನಲ್ಲಿ ಡಿಸ್ಟ್ರಿಕ್ಟ್ 'ಎಡ್' ಅನ್ನುವ ಚಾಟ್‌ಬಾಟ್ ಬಿಡುಗಡೆ ಮಾಡಿತು. ಪ್ರತಿ ಮಗುವಿಗೂ ಒಬ್ಬ ಕೃತಕ ಬುದ್ಧಿಮತ್ತೆಯ ಸಹಾಯಕ ಅಂತ ಸೂಪರಿಂಟೆಂಡೆಂಟ್ ಆಲ್ಬರ್ಟೊ ಕಾರ್ವಾಲೊ ಹಾಡಿ ಹೊಗಳಿದರು. ಆಲ್‌ಹಿಯರ್ ಎಂಬ ಸಣ್ಣ ಕಂಪನಿಗೆ ಕೊಟ್ಟ ಗುತ್ತಿಗೆ ಸುಮಾರು 60 ಲಕ್ಷ ಡಾಲರ್. ಮೂರೇ ತಿಂಗಳಲ್ಲಿ ಕಂಪನಿ ತನ್ನ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಅಷ್ಟರಲ್ಲಿ ಸುಮಾರು ಅರ್ಧ ದುಡ್ಡು ಕೈದಾಟಿತ್ತು. ಆ ವರ್ಷದ ನವೆಂಬರಿನಲ್ಲಿ, ಹೂಡಿಕೆದಾರರಿಗೆ ಮೋಸ ಮಾಡಿದ ಆರೋಪ ಕಂಪನಿ ಕಟ್ಟಿದವರ ಮೇಲೆ ಬಂತು. ಐಪ್ಯಾಡಿಗೆ ಹೋಲಿಸಿದರೆ ದುಡ್ಡು ಸಣ್ಣದು. ಬೋರ್ಡಿನ ವರಸೆ ಮಾತ್ರ ಹನ್ನೊಂದು ವರ್ಷದ ಹಿಂದಿನದೇ. ಸೂಪರಿಂಟೆಂಡೆಂಟ್ ಹೊಳೆಯುವ ವಸ್ತು ತಂದರು, ಬೋರ್ಡ್ ಹ್ಞೂಂ ಅಂದಿತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಗುತ್ತಿಗೆಗಳು ಹೆಚ್ಚಾಗಿ ಚರ್ಚೆಗೇ ಬರುವುದಿಲ್ಲ. ಕನ್ಸೆಂಟ್ ಪಟ್ಟಿ ಅಂತ ಇರುತ್ತದೆ, ಮಾಮೂಲಿ ವಿಷಯಗಳ ಕಟ್ಟು. ಹತ್ತಾರು ಖರೀದಿ, ಗುತ್ತಿಗೆ, ನೇಮಕ ಎಲ್ಲ ಒಂದೇ ವೋಟಿನಲ್ಲಿ ಪಾಸು. ಯಾರಾದರೂ ಸದಸ್ಯ ಬೆರಳು ಎತ್ತಿ 'ಇದನ್ನು ಬೇರೆ ತೆಗೆಯಿರಿ' ಅಂದರೆ ಮಾತ್ರ ಅದರ ಮೇಲೆ ಮಾತು. ಬ್ರೌನ್ ಆ್ಯಕ್ಟ್ ಎಂಬ 1953ರ ಕಾನೂನಿನಿಂದಾಗಿ ಈ ಸಭೆಗಳ ಕಾರ್ಯಸೂಚಿ ಮೊದಲೇ ಹೊರಗೆ ಬರಲೇಬೇಕು, ಯಾರು ಬೇಕಾದರೂ ಓದಬಹುದು. ಸದಸ್ಯರೊಬ್ಬರು ಎಷ್ಟು ಸಲ ಹಾಗೆ ಬೆರಳು ಎತ್ತಿದರು ಅನ್ನುವುದು ಯಾವ ಕರಪತ್ರದಲ್ಲೂ ಬರುವುದಿಲ್ಲ. ನನ್ನನ್ನು ಕೇಳಿದರೆ ಚಾರ್ಟರ್ ವೋಟಿಗಿಂತ ಮೊದಲು ನೋಡಬೇಕಾದ್ದು ಅದನ್ನೇ.

ಅಂಕಗಳ ಕಥೆ ಏನು ಅಂತ ನೀವು ಕೇಳಬಹುದು. 2025ರ ರಾಜ್ಯ ಪರೀಕ್ಷೆಯಲ್ಲಿ ಡಿಸ್ಟ್ರಿಕ್ಟ್ ತನ್ನ ಇದುವರೆಗಿನ ಅತ್ಯುತ್ತಮ ಫಲಿತಾಂಶ ತಂದಿತು. ಇಂಗ್ಲಿಷಿನಲ್ಲಿ ಮಟ್ಟ ಮುಟ್ಟಿದವರು ಶೇ. 46 ದಾಟಿದರು, ಗಣಿತದಲ್ಲಿ ಶೇ. 36 ದಾಟಿದರು. ಕೋವಿಡ್ ಹೊಡೆತದ ಮೇಲೂ ಏರಿದ್ದು ಸಣ್ಣ ಮಾತಲ್ಲ. ಗಣಿತದಲ್ಲಿ ಇನ್ನೂ ಮೂವರಲ್ಲಿ ಇಬ್ಬರು ಹಿಂದೆ ಇದ್ದಾರೆ ಅನ್ನುವುದೂ ಅಷ್ಟೇ ನಿಜ. ಇದರ ಹೆಗ್ಗಳಿಕೆ ಯಾರದ್ದು? ಕಾರ್ವಾಲೊ ಅವರದ್ದೋ, ಬೋರ್ಡಿನದ್ದೋ, ಕೋವಿಡ್ ಕಾಲದ ಕೇಂದ್ರದ ದುಡ್ಡಿನದ್ದೋ, ದಿನಾ ಕ್ಲಾಸಿನಲ್ಲಿ ನಿಂತವರದ್ದೋ? ಮೆಲ್ವೊಯಿನ್ ಆಗಲಿ ಬೇರೆ ಯಾರಾಗಲಿ ಇದನ್ನು ತಮ್ಮ ಕರಪತ್ರಕ್ಕೆ ಹಾಕಿಕೊಂಡರೆ ಏಳರಲ್ಲಿ ಒಂದು ಪಾಲು ಅಂತ ಭಾಗಿಸಿ ಓದಿ.

2012ರಲ್ಲಿ ಕಿಂಡರ್‌ಗಾರ್ಟನ್ ಸೇರಿದ ಮಗು 2025ರಲ್ಲಿ ಹೈಸ್ಕೂಲ್ ಮುಗಿಸಿತು. ಈ 13 ವರ್ಷದಲ್ಲಿ ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಡೀಸಿ, ಕಾರ್ಟೀನ್ಸ್, ಕಿಂಗ್, ಹಂಗಾಮಿ ಒಬ್ಬರು, ಬ್ಯೂಟ್ನರ್, ಇನ್ನೊಬ್ಬ ಹಂಗಾಮಿ, ಕಾರ್ವಾಲೊ ಕೂತರು. ಏಳು ಜನ. ನಾಲ್ಕನೇ ಕ್ಷೇತ್ರದ ಕುರ್ಚಿಯಲ್ಲಿ ಮಾತ್ರ ಇಬ್ಬರೇ. ಆ ಮಗುವಿಗೆ ಮೊದಲು ಐಪ್ಯಾಡ್ ಕೊಡಲು ಹೊರಟರು, ಆಮೇಲೆ ಚಾಟ್‌ಬಾಟ್ ಕೊಟ್ಟರು, ಕೊನೆಯ ವರ್ಷ ಫೋನ್ ಕಸಿದುಕೊಂಡರು.